ಅಖಂಡ ಹರಳು

ತಾವರಗೇರಾದಲ್ಲಿ ಅನೀಸಾಳನ್ನು ಯಾರೂ ಹೊಗಳುವುದಿಲ್ಲ. ಸಿಟ್ಟಿನ ಹೆಂಗಸು, ಮುಖ ಕೊಟ್ಟು ಮಾತಾಡುವುದಿಲ್ಲ ಎನ್ನುತ್ತಾರೆ. ನಾನು ಹೊಗಳುತ್ತೇನೆ. ಒಂದೇ ಸಿಟ್ಟನ್ನು ಒಂಬತ್ತು ವರ್ಷ ಆರದಂತೆ ನೋಡಿಕೊಂಡವಳನ್ನು ಮತ್ತೇನು ಮಾಡಬೇಕು? ನಾನು ಬೋರ್ಡು ಬರೆಯುವ ದೇವೇಂದ್ರಪ್ಪ. ಈ ಕಥೆಯ ದೊಡ್ಡ ಸುಳ್ಳು ನನ್ನ ಕೈಬರಹದಲ್ಲೇ ಇತ್ತು, ಹಾಗಾಗಿ ಹೇಳಬೇಕಾದವನೂ ನಾನೇ.

ಅವಳ ಕೆಲಸ ಹರಳು ತೊಳೆಯುವುದು. ನಮ್ಮ ಕಡೆಯ ಕಲ್ಲು ಕ್ವಾರಿಗಳಲ್ಲಿ, ಹಳೆಯ ಚಿನ್ನದ ಗುಂಡಿಗಳ ಸುತ್ತ ಒಮ್ಮೊಮ್ಮೆ ನೇರಳೆ ಹರಳು, ಸ್ಫಟಿಕ ಸಿಗುತ್ತವೆ. ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳಲು ಹುಡುಕಿಕೊಂಡು ಬರುವ ಶೋಕಿಯವರಿದ್ದಾರೆ. ಮಣ್ಣು ಮೆತ್ತಿದ ಕಲ್ಲನ್ನು ಬಿಸಿನೀರು ಹೊಯ್ದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಹೊಳೆಯುವಂತೆ ಮಾಡುವುದರಲ್ಲಿ ಅನೀಸಾಳನ್ನು ಮೀರಿಸುವವರಿಲ್ಲ. ಕಲಿಸಿದವನು ಅವಳ ಅಪ್ಪ ಮರ್ದಾನಸಾಬ. ಪ್ರಭುರಾಜ ಸಾವಕಾರರ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಒಡೆದವನು. ಅಲ್ಲಿ ಒಂದು ಪದ್ಧತಿ: ಒಡೆದ ಪ್ರತಿ ಕಲ್ಲಿನ ಮೇಲೂ ಕೆಂಪು ಬಣ್ಣದಲ್ಲಿ ಒಡೆದವನ ಹೆಸರು, ಯಾವ ಗುಂಡಿಯದು ಎಂಬುದನ್ನು ಬರೆಯಬೇಕು.

ಒಂಬತ್ತು ವರ್ಷದ ಹಿಂದೆ ಮರ್ದಾನಸಾಬ ಸ್ವಂತ ಹೊಲದಲ್ಲಿ ಬಾವಿ ತೋಡುವಾಗ ಕೊಡದಷ್ಟು ದೊಡ್ಡ ನೇರಳೆ ಹರಳಿನ ಗಡ್ಡೆ ಸಿಕ್ಕಿತು. ಬೆಲೆ ಕೇಳೋಣವೆಂದು ಸಾವಕಾರರಿಗೆ ತೋರಿಸಿದ. ಅದೇ ತಪ್ಪಾಯಿತು. "ನನ್ನ ಕ್ವಾರ್‍ಯಾಗಿಂದ ಕದ್ದಾನ" ಎಂದು ನಾಲ್ಕು ಮಂದಿಯ ಮುಂದೆ ಕಿರುಚಿ ಕಲ್ಲು ಇಟ್ಟುಕೊಂಡರು, ಅವನನ್ನು ಹೊರಗೆ ಹಾಕಿದರು. ಅಂದಿನಿಂದ ಮರ್ದಾನಸಾಬ ಸಂತೆಗೆ ಬಂದರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಥೂ! ಅವರಲ್ಲಿ ನಾನೂ ಒಬ್ಬ. ಎರಡು ವರ್ಷದಲ್ಲಿ ಅವನು ಸತ್ತ. ಕಳ್ಳ ಎಂಬ ಹೆಸರು ಸಾಯಲಿಲ್ಲ.

ಸಾಯುವ ಮುಂಚೆ ಮಗಳಿಗೆ ಒಂದು ಗುಟ್ಟು ಹೇಳಿದ್ದನಂತೆ. ಬಾವಿಯಿಂದ ಎತ್ತುವಾಗ ಆ ಗಡ್ಡೆ ಎರಡು ಹೋಳಾಗಿತ್ತು. ಜೋಡಿಸಿದ ಹರಳನ್ನು ಯಾರೂ ಮೂಸುವುದಿಲ್ಲ. ಅದಕ್ಕೆ ಬಳೆಗಾರರ ಅರಗು ಕರಗಿಸಿ, ಗೆರೆಯೂ ಕಾಣದಂತೆ ಅಂಟಿಸಿದ್ದ. "ಆವತ್ತ ಯಾಕ ಹೇಳಲಿಲ್ಲ ಅಬ್ಬಾ?" ಎಂದು ಇವಳು ಕೇಳಿದಳು. "ಕಳ್ಳ ಅನ್ನೂದು ಸುಳ್ಳು, ಬೇ. ಮೋಸಗಾರ ಅನ್ನೂದು ಖರೇ ಆಗ್ತಿತ್ತು" ಎಂದನಂತೆ.

ಸಾವಕಾರರಿಗೆ ಇದಾವುದೂ ಗೊತ್ತಿರಲಿಲ್ಲ. ಈ ವರ್ಷ ಸಾಣಾಪುರದಲ್ಲಿ, ಕೆರೆ ನೋಡಲು ಬರುವ ಪ್ರವಾಸಿಗರಿಗಾಗಿ, ಹರಳುಗಳ ಪ್ರದರ್ಶನ ಶುರು ಮಾಡಿದರು. ಆ ಗಡ್ಡೆಯನ್ನೇ ನಡುವೆ ಇಟ್ಟು ನನ್ನಿಂದ ಫಲಕ ಬರೆಸಿದರು: "ಅಖಂಡ ಹರಳು. ನಮ್ಮ ಕ್ವಾರಿಯಲ್ಲಿ ಪ್ರಭುರಾಜರು ಕೈಯಾರೆ ತೆಗೆದದ್ದು." ತೊಳೆಯಲು ಅನೀಸಾಳನ್ನೇ ಕರೆಸಿದರು. ಎಂಥಾ ಧೈರ್ಯ ನೋಡಿ! ಬಡವರಿಗೆ ನೆನಪಿರುವುದಿಲ್ಲ ಅಂದುಕೊಂಡಿರಬೇಕು.

ಬೆಳಗಿನ ಹತ್ತು ಗಂಟೆಗೆ ಕಾಲೇಜಿನ ಮೇಷ್ಟ್ರುಗಳು, ಹರಳಿನ ಶೋಕಿಯವರು ಸುತ್ತ ನಿಂತಿದ್ದರು. ಎಲ್ಲರೆದುರು ತೊಳೆಯಬೇಕು, ಹೊಳಪು ಎಲ್ಲರಿಗೂ ಕಾಣಬೇಕು ಎಂದು ಸಾವಕಾರರ ಹುಕುಂ. ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು.

"ಸಾವಕಾರ್‍ರ, ಜೋಡಿಸಿದ ಕಲ್ಲಾದ್ರ ಕುದಿಯೋ ನೀರು ತಡಿಯೂದಿಲ್ರಿ. ಇದು ಅಖಂಡ ಐತಲ್ರಿ?" ಅನೀಸಾ ಕೇಳಿದಳು.

"ಅಖಂಡ ಐತಿ."

"ನೋಡ್ರಿ, ಮತ್ತ ನನ್ನ ಅನಬ್ಯಾಡ್ರಿ."

"ಏ, ನಾನ ನನ್ನ ಕೈಲೆ ತಗದೀನಿ! ಹಾಕು ನೀರು!"

ಮೂರು ತಂಬಿಗೆ ಹೊಯ್ದಳು. ನಾಲ್ಕನೆಯದಕ್ಕೆ ಅರಗಿನ ವಾಸನೆ ಬಂತು. ಐದನೆಯದಕ್ಕೆ ಗಡ್ಡೆ ಮೆಲ್ಲಗೆ ಬಾಯಿಬಿಟ್ಟು ಎರಡಾಯಿತು. ಒಳಮೈ ಮೇಲೆ, ಅರಗಿನಡಿ ಉಳಿದಿದ್ದ ಕೆಂಪು ಅಕ್ಷರ: "ಮರ್ದಾನ. ಸ್ವಂತ ಹೊಲದ ಬಾವಿ." ಮೋಸ ಮಾಡುವಾಗಲೂ ಆ ಮನುಷ್ಯನಿಗೆ ಕ್ವಾರಿಯ ರೂಢಿ ಬಿಡಲಿಲ್ಲ!

ಸಾವಕಾರರು ಅದನ್ನು ಓದದೆ ಮೊದಲು ಬಾಯಿಬಿಟ್ಟರು. "ಅಂಟಿಸ್ಯಾನ! ನೋಡ್ರಿ, ಇವರಪ್ಪ ಎಂಥಾ ಮೋಸಗಾರ!"

ಮೇಷ್ಟ್ರೊಬ್ಬರು ನನ್ನ ಫಲಕ ನೋಡಿದರು, ಆಮೇಲೆ ಸಾವಕಾರರನ್ನು ನೋಡಿದರು. "ಇವರಪ್ಪ ಅಂಟಿಸಿದ್ದು ನಿಮ್ಮ ಕೈಗೆ ಹ್ಯಾಂಗ ಬಂತ್ರಿ?"

ಅನೀಸಾ ಸೆರಗಿನಿಂದ ಕೈ ಒರೆಸಿಕೊಂಡಳು. "ಹೌದ್ರಿ, ನಮ್ಮ ಅಬ್ಬಾ ಮೋಸ ಮಾಡ್ಯಾನ. ಕದ್ದಿಲ್ಲ. ಕದ್ದವರು ನೀವು." ಇಷ್ಟನ್ನು ಸಂತೆಯಲ್ಲಿ ಕೂಗುವಷ್ಟು ಜೋರಾಗಿ ಹೇಳಿದಳು. ಅವಳು ನಕ್ಕಿದ್ದನ್ನು ಆವತ್ತೇ ನಾನು ಮೊದಲು ನೋಡಿದ್ದು. ಒಳ್ಳೆಯ ನಗುವಲ್ಲ ಅದು. ನನಗೆ ಭಾಳ ಹಿಡಿಸಿತು.

ಆಮೇಲೆ ನನ್ನ ಕಡೆ ತಿರುಗಿದಳು. "ದೇವೇಂದ್ರಣ್ಣ, ಹಳೇ ಫಲಕ ಅಳಸು. ಮೊದಲ 'ಜೋಡಿಸಿದ್ದು' ಅಂತ ಬರಿ. ಆಮ್ಯಾಲೆ ನಮ್ಮ ಅಬ್ಬಾನ ಹೆಸರು, ಬಾವಿ ಹೆಸರು. ಅಕ್ಷರ ದೊಡ್ಡವು ಇರ್‍ಲಿ. ಸಾವಕಾರ್‍ರಿಗೆ ಚಾಳೀಸು ಇಲ್ಲದನ ಕಾಣಬೇಕು."