ಚಿಕ್ಕಮಾದಮ್ಮನ ಕರಿ ಮರಳು

ಮದ್ದೂರಿನ ಚಿಕ್ಕಮಾದಮ್ಮನ ಪುರಿ ಭಟ್ಟಿಯಲ್ಲಿ ದೇವರ ಪಟಕ್ಕೆ ವಾರಕ್ಕೊಮ್ಮೆ ಹೂವು, ಬಾಂಡ್ಲಿಯ ಮರಳಿಗೆ ಮಾತ್ರ ದಿನಾ ಕೈಮುಗಿತ. ನಗಬೇಡಿ. ಶಿಂಷಾ ಹೊಳೆಯಿಂದ ತಂದು ಮೂವತ್ತು ವರ್ಷ ಕಾಯಿಸಿದ ಮರಳು ಅದು. ಕಾದು ಕಾದು ಕರ್ರಗಾಗಿ, ಸವೆದು ನುಣ್ಣಗಾಗಿತ್ತು. ಉಪ್ಪುನೀರು ಬೆರೆಸಿ ಒಣಗಿಸಿದ ಅಕ್ಕಿ ಎಸೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗೆ ಅರಳುತ್ತಿತ್ತು. ಜರಡಿ ಒಂದು ಸಲ ಆಡಿಸಿದರೆ ಮರಳು ಕೆಳಗೆ, ಪುರಿ ಮೇಲೆ. "ಚಿಕ್ಕಮಾದಮ್ಮನ ಪುರೀಲಿ ಕಲ್ಲು ಸಿಗಾಕಿಲ್ಲ" ಅಂತ ಪೇಟೆಯೆಲ್ಲ ಹೇಳುತ್ತಿತ್ತು. ಅವಳ ಪಾಲಿಗೆ ಆ ಮಾತೇ ಆಸ್ತಿ.

ಆ ಆಸ್ತಿಯನ್ನು ಸೊಸೆ ರಂಜಿತ ತೆಂಗಿನ ಬುಡಕ್ಕೆ ಸುರಿದಿದ್ದಳು!

ಕೆಟ್ಟ ಬುದ್ಧಿಯಿಂದಲ್ಲ, ಪಾಪ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಂಡ್ಯಕ್ಕೆ ಹೋಗಿದ್ದಾಗ ಭಟ್ಟಿ ಲಕಲಕ ಅನ್ನಿಸಬೇಕೆಂದು ಗೋಡೆಗೆ ಸುಣ್ಣ ಬಳಿದಳು. ಮಸಿ ಹಿಡಿದ ಮರಳು ಯಾಕೆಂದು ಎಸೆದು, ಪಕ್ಕದಲ್ಲಿ ಮನೆ ಕಟ್ಟುವವರಿಂದ ಎಂ-ಸ್ಯಾಂಡ್ ತಂದು ತುಂಬಿದಳು. ಬಂಡೆ ಒಡೆದು ಮಾಡಿದ ಮರಳು, ಕಾಳುಕಾಳೂ ಚೂಪು. ಅದು ಪುರಿಗೆ ಕಚ್ಚಿಕೊಂಡರೆ ಯಾವ ಜರಡಿ ತಾನೇ ಏನು ಮಾಡೀತು?

ಚಿಕ್ಕಮಾದಮ್ಮ ಕರಿ ಕನ್ನಡಕ ಹಾಕಿಕೊಂಡು ಮನೆಗೆ ಬಂದ ದಿನವೇ ಅವಳ ಪುರಿ ಮಾರುವ ಪೇಟೆ ಅಂಗಡಿಯ ಸಂಪತ್ ಕುಮಾರ, ರಂಜಿತ ಹುರಿದು ಕಳಿಸಿದ್ದ ಮೂಟೆ ವಾಪಸು ತಂದ.

"ಏನಮ್ಮ ಇದು, ಬಾಯಿಗೆ ಹಾಕಿದರೆ ಕರಕರ ಅನ್ನತ್ತೆ! ಆಯುಧಪೂಜೆ ಹತ್ತಿರ ಬಂತು. ನಾನು ಬೇರೆ ಕಡೆಯಿಂದ ಮೆಷಿನ್ ಪುರಿ ತರಿಸ್ತೀನಿ."

"ನಾಳೆ ಮದ್ಯಾನದ ಗಂಟ ತಡೀರಿ ಸ್ವಾಮಿ. ಆಮೇಕೆ ನೀವುಂಟು, ನಿಮ್ ಮಿಸಿನುಂಟು."

ಅವನು ಹೋದ ಮೇಲೆ ರಂಜಿತ ನಡೆದದ್ದನ್ನೆಲ್ಲ ಹೇಳಿ ಗೊಳೋ ಎಂದು ಅತ್ತಳು. ಚಿಕ್ಕಮಾದಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಸೊಸೆಯ ಮುಖ ನೋಡಿ ನುಂಗಿಕೊಂಡಳು.

"ಅಳೋದು ಬುಡು. ಮಂಕ್ರಿ ತಕ್ಕಬಾ. ಬೆಂಕೀಲಿ ಮೂವತ್ತು ವರ್ಸ ಬೆಂದಿರೋದು, ಮಣ್ಣಿಗೆ ಬಿದ್ದೇಟ್ಗೆ ಸತ್ತೋಯ್ತದಾ?"

ತೆಂಗಿನ ಬುಡ ಬಗೆದು, ಮರಳನ್ನು ಮಂಕರಿಗೆ ತುಂಬಿ ತಂದು ತೊಟ್ಟಿಯಲ್ಲಿ ಏಳು ನೀರು ತೊಳೆದರು. ಮಣ್ಣು ಕದಡಿ ಹೋಯಿತು, ಕರಿ ಮರಳು ತಳದಲ್ಲಿ ಉಳಿಯಿತು.

ಮರುದಿನ ಬೆಳಿಗ್ಗೆ ಒಲೆ ಹತ್ತಿತು. ತಿಂಗಳುಗಟ್ಟಲೆ ಬೆಂಕಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಚಿಕ್ಕಮಾದಮ್ಮ ಬಾಗಿಲಾಚೆ ಕೂತು ಕಿವಿಗೊಟ್ಟಳು. ಒಳಗೆ ರಂಜಿತ ಕೆದಕುತ್ತಿದ್ದ ಮರಳು ಚಟಚಟ ಸಿಡಿಯಿತು.

"ಇನ್ನೂ ನೀರದೆ. ಕೆದಕ್ತಾ ಇರು."

ಸ್ವಲ್ಪ ಹೊತ್ತಿಗೆ ಸದ್ದು ಗರಗರ ಅಂತಾಯಿತು. ತಡೆಯಲಾರದೆ ರಂಜಿತ ಹಿಡಿ ಅಕ್ಕಿ ಎಸೆದಳು. ಅಕ್ಕಿ ಹಾಗೇ ಬಿದ್ದುಕೊಂಡಿತ್ತು.

"ಅರಳ್ನಿಲ್ಲ ಅತ್ತೆ! ಕೆಟ್ಟೋಯ್ತು!"

"ಯಾರೇ ಆಕು ಅಂದೋರು? ತಗ್ದು ಬಿಸಾಕು. ಉರಿ ಮಾಡು."

ಸೌಟು ಆಡುತ್ತಲೇ ಇತ್ತು. ಬರಬರುತ್ತಾ ಸದ್ದು ತೆಳ್ಳಗಾಯಿತು. ಕಾದ ಮರಳು ಹಗುರಾಗಿ, ಸರ್ರನೆ ನೀರಿನಂತೆ ಹರಿಯತೊಡಗಿತು. ಮೂವತ್ತು ವರ್ಷ ಕೇಳಿದ ಸದ್ದು! ಚಿಕ್ಕಮಾದಮ್ಮ ಕೂತಲ್ಲೇ ತೊಡೆ ತಟ್ಟಿದಳು.

"ಈಗ ಆಕವ್ವ!"

ಬುಸ್ಸೆಂದು ಬಾಂಡ್ಲಿ ತುಂಬ ಮಲ್ಲಿಗೆ ಚೆಲ್ಲಿದ ಹಾಗೆ ಪುರಿ ಎದ್ದಿತು. ರಂಜಿತ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು.

ಮಧ್ಯಾಹ್ನ ಇಬ್ಬರೂ ಮೂಟೆಯೊಂದಿಗೆ ಅಂಗಡಿಗೆ ಹೋದರು. ಸಂಪತ್ ಕುಮಾರ ಒಂದು ಹಿಡಿ ಬಾಯಿಗೆ ಹಾಕಿ, ಹೆದರಿ ಹೆದರಿ ಅಗಿದ. ಇನ್ನೊಂದು ಹಿಡಿ ತೆಗೆದುಕೊಂಡ. ಗಿರಾಕಿಗಳೂ ಮೂಟೆಗೆ ಕೈ ಹಾಕಿದರು.

"ಒಂದೂ ಕಲ್ಲಿಲ್ಲ! ಮೆಷಿನ್ನೂ ಬೇಡ, ಏನೂ ಬೇಡ. ಪೂಜೆಗೆ ಇಪ್ಪತ್ತು ಮೂಟೆ ಕೊಡಿ. ನಿಮ್ಮ ಕೈ ಅಂದರೆ ಕೈ ಚಿಕ್ಕಮಾದಮ್ಮ."

"ನಾನು ಬಾಗ್ಲಾಚೆ ಕೂತಿದ್ದೆ ಸ್ವಾಮಿ," ಎಂದಳು ಚಿಕ್ಕಮಾದಮ್ಮ. ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದ ಸೊಸೆಯ ಮಸಿಗೈಯನ್ನು ಎಳೆದು, ಅಂಗಡಿಗೆಲ್ಲ ಕಾಣುವಂತೆ ಮೇಲೆತ್ತಿದಳು. "ಕೈ ಇದು. ಇನ್ಮೇಕೆ ರಂಜಿತನ ಪುರಿ ಅಂತ ಯೋಳಿ ಮಾರಿ."