ಟೈಲರಕ್ಕನ ಹೊಟ್ಟೆಯೊಳಗಿನ ಪಾಲಿಯೆಸ್ಟರ್

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲೇ ಇರಲಿಲ್ಲ. ಅಳತೆ ತೆಗೆಯುವಾಗ ಮಾತ್ರ ಆ ಬಾಯಿ ಸುಮ್ಮನಿರುತ್ತಿತ್ತು, ಯಾಕೆಂದರೆ ತುಟಿಗಳ ನಡುವೆ ಗುಂಡುಸೂಜಿಗಳನ್ನು ಸಾಲಾಗಿ ಕಚ್ಚಿಕೊಂಡಿರುತ್ತಿದ್ದಳು. ಪಾಲಿಯೆಸ್ಟರ್ ತಂದವರಿಗಂತೂ ಮಂಗಳಾರತಿ ಗ್ಯಾರಂಟಿ. ಬೆವರು ಹೀರದ ಬಟ್ಟೆಯನ್ನು ಮನುಷ್ಯರಾದವರು ಹಾಕಿಕೊಳ್ತಾರಾ ಅನ್ನುವಳು.

ಅಂಥವಳ ಹೊಟ್ಟೆಯೊಳಗೇ ಪಾಲಿಯೆಸ್ಟರ್ ಸೇರಿತು ನೋಡಿ. ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ ಹೊಟ್ಟೆಯಲ್ಲಿ ಬಲೂನಿನ ಹಾಗೆ ಉಬ್ಬಿತ್ತು. ಡಾಕ್ಟರು ಆ ಜಾಗಕ್ಕೆ ನೇಯ್ದ ಪಾಲಿಯೆಸ್ಟರ್ ಕೊಳವೆ ಹೊಲಿದರು. ಹತ್ತಿಯದು ಹಾಕಬಾರದಿತ್ತಾ ಅಂತ ಅಕ್ಕ ತಕರಾರು ತೆಗೆದಳು. ಹತ್ತಿ ಮೈಯೊಳಗೆ ಬಾಳೋದಿಲ್ಲ ಅಂದರು ಅವರು. ಬಟ್ಟೆಯ ವಿಷಯದಲ್ಲಿ ಹಾಗೆ ಸೋತು ಮನೆಗೆ ಬಂದಳು. ಹಲ್ಲು, ವಸಡು ಹುಷಾರು, ಅಲ್ಲಿಂದ ಕ್ರಿಮಿ ರಕ್ತಕ್ಕಿಳಿದರೆ ಆ ಬಟ್ಟೆಯಲ್ಲೇ ಬಿಡಾರ ಹೂಡುತ್ತೆ ಅಂತ ಡಾಕ್ಟರು ಹೇಳಿ ಕಳಿಸಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಗುಂಡುಸೂಜಿ ವಾಪಸ್ ಬಾಯಿಗೆ ಹೋಯಿತು. ವಸಡಿಗೆ ಚುಚ್ಚಿ ಕೀವಾದರೂ ಲವಂಗ ಒತ್ತಿಕೊಂಡು ಹೊಲಿದಳು. ಆಮೇಲೆ ಬಿಡದ ಜ್ವರ, ಬೆನ್ನುನೋವು. ಸ್ಕ್ಯಾನ್ ಮಾಡಿದರೆ ಕೊಳವೆಯ ಸುತ್ತ ಕೀವು. ಸೂಜಿಯಿಂದಲೇ ಅಂತ ಆಣೆ ಮಾಡಲಾರೆ, ಅನುಮಾನ ಮಾತ್ರ ಅದರ ಮೇಲೇ ಅಂದರು ಡಾಕ್ಟರು. ಹಳೇದನ್ನು ತೆಗೆದು, ಕ್ರಿಮಿ ಕೊಲ್ಲುವ ಔಷಧಿಯಲ್ಲಿ ನೆನೆಸಿದ ಹೊಸ ಕೊಳವೆ ಹಾಕಬೇಕು. ಟೇಬಲ್ ಮೇಲೇ ಪ್ರಾಣ ಹೋದರೂ ಹೋಗಬಹುದು. ಹಾಗೇ ಬಿಟ್ಟರೆ ಯಾವತ್ತಾದರೂ ಹೊಲಿಗೆ ಬಾಯ್ಬಿಟ್ಟು ಒಳಗೇ ರಕ್ತ ಸುರಿಯುತ್ತೆ.

ಅವಳೇ ಎತ್ತಿ ಆಡಿಸಿದ ತಮ್ಮ ಹೆದರಿ ಹಿಡಿಯಷ್ಟಾದ. ಸಾಕು ಕಣಕ್ಕಾ, ಇನ್ನೊಂದು ಸಲ ಕೊಯ್ಯಿಸಿಕೊಳ್ಳಬೇಡ, ಇದ್ದಷ್ಟು ದಿನ ಮನೇಲಿ ಮಲಗಿರು, ನಾನು ನೋಡ್ಕೋತೀನಿ ಅಂತ ಹಾಸಿಗೆ ಪಕ್ಕ ಕೂತು ಗೋಗರೆದ.

ಅಕ್ಕನಿಗೆ ಭಯವಿರಲಿಲ್ಲ ಅಂತಲ್ಲ. ಆದರೆ ಸಾಯುವ ಮುಂಚೆಯೇ ಹೆಣದ ಹಾಗೆ ಮಲಗು ಅಂದರೆ ಯಾರಿಗೆ ಮೈ ಉರಿಯೋದಿಲ್ಲ?

“ತಪ್ಪು ನಂದೇ ಇರಲಿ,” ಅಂದಳು. “ಹೊಲಿಗೆ ಕೆಟ್ಟರೆ ಬಿಚ್ಚಿ ಮತ್ತೆ ಹೊಲೀತೀವಿ. ಹಾಕ್ಕೊಳ್ಳೋರನ್ನೇ ಬಿಸಾಕ್ತೀವೇನೋ? ಕರಿ ಡಾಕ್ಟರನ್ನ.”

ಬೆಳಿಗ್ಗೆ ಶುರುವಾದ ಆಪರೇಷನ್ ಮುಗಿಯುವಾಗ ಸಂಜೆ. ಕಾರಿಡಾರಿನ ಬೆಂಚಿನಲ್ಲಿ ತಮ್ಮ ಗುಟುಕು ನೀರೂ ಮುಟ್ಟಲಿಲ್ಲ. ಮರುದಿನ ಐಸಿಯು ಒಳಗೆ ಬಿಟ್ಟಾಗ ಅಕ್ಕನ ಗಂಟಲಲ್ಲಿ ನಳಿಕೆಯಿತ್ತು, ಕಣ್ಣು ಮುಚ್ಚಿತ್ತು. ಮುಗೀತು ಕಥೆ ಅಂದುಕೊಂಡವನು ಮಂಚದ ಸರಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅಷ್ಟರಲ್ಲಿ, ಚಿಕ್ಕವನಿದ್ದಾಗ ರಚ್ಚೆ ಹಿಡಿದರೆ ಅಕ್ಕ ಮಾಡುತ್ತಿದ್ದ ಹಾಗೆ, ಎರಡು ಬೆರಳು ಅವನ ತೋಳನ್ನು ಹಿಡಿದು ಚುರ್ರೆನ್ನುವಂತೆ ಚಿವುಟಿದವು. ಕಿರುಚಿಕೊಂಡವನನ್ನು ನರ್ಸಮ್ಮ ಬೈದು ಹೊರಗೆ ಅಟ್ಟಿದಳು. ಅವನು ಕಂಡಕಂಡವರಿಗೆಲ್ಲ ತೋಳಿನ ನೀಲಿ ಗುರುತು ತೋರಿಸುತ್ತಾ, ನಮ್ಮಕ್ಕ ಚಿವುಟಿದ್ದು, ನಮ್ಮಕ್ಕ ಚಿವುಟಿದ್ದು ಅಂತ ಹೇಳಿಕೊಂಡು ಓಡಾಡಿದ.