ಮೈಕು ಖಾಲಿ ಬಿಡದವಳು

ಮಾತಿನಲ್ಲಿ ನನ್ನನ್ನು ಸೋಲಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅಪ್ಪಿತಪ್ಪಿ ಹುಟ್ಟಿದವರೂ ನನ್ನ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ತೆಪ್ಪಗಾಗಿದ್ದಾರೆ. ನಲವತ್ತು ವರ್ಷದಿಂದ ಕತ್ತರಿ ಹಿಡಿದ ಕ್ಷೌರಿಕ ನಾನು. ನನ್ನ ಮಾತಿಗೆ ಗಡ್ಡ ತಾನಾಗಿಯೇ ಉದುರುತ್ತದೆ, ಕತ್ತಿ ಸುಮ್ಮನೆ ಶಾಸ್ತ್ರಕ್ಕೆ. ಒಮ್ಮೆ ಒಬ್ಬ ವಕೀಲ ಕಟಿಂಗಿಗೆ ಬಂದಿದ್ದ. ನಾನು ಹೇಳುತ್ತಿದ್ದ ಕಥೆ ಮುಗಿಯುವಷ್ಟರಲ್ಲಿ ಅವನ ಕೂದಲು ಮತ್ತೆ ಬೆಳೆದು, ಎದ್ದೇಳುವ ಮೊದಲು ಎರಡನೇ ಸಲ ಕತ್ತರಿಸಬೇಕಾಯಿತು.

ಇಂಥ ಮನೆಯಲ್ಲಿ ಹೆಂಡತಿ ಐವತ್ತೆರಡನೇ ವಯಸ್ಸಿಗೆ ಸಂವಹನದ ಡಿಗ್ರಿಗೆ ಸೇರುತ್ತೇನೆ ಎಂದರೆ ನಗು ಬಾರದೆ ಇರುತ್ತದೆಯೇ?

"ಸಂವಹನ ಅಂದ್ರೆ ಏನೇ?" ಎಂದೆ.

"ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಮುಟ್ಟೋದು."

"ಅಷ್ಟಕ್ಕೆ ಮೂರು ವರ್ಷ ಕಾಲೇಜು ಬೇಕಾ? ಮನೇಲಿ ನಾನಿಲ್ವಾ?"

"ನೀವಿದ್ದೀರಿ ಅಂತಾನೇ ಹೋಗ್ತಿರೋದು," ಎಂದು ಅರ್ಜಿಗೆ ಫೋಟೋ ಅಂಟಿಸಿದಳು.

ಅವಳ ಕೆಲಸ ಬಸ್ ನಿಲ್ದಾಣದಲ್ಲಿ ಅನೌನ್ಸರು. ಮೂರು ಕಡೆ ಗಾಜಿರುವ ಒಂದು ಗೂಡು, ಸ್ಪಂಜು ಹೊರಬಂದ ಒಂದು ಕುರ್ಚಿ, ಬಾತುಕೋಳಿಯ ಕತ್ತಿನಂತೆ ಬಾಗಿದ ಒಂದು ಮೈಕು. ಯಾವ ಬಸ್ಸು, ಯಾವ ಅಂಕಣ, ಎಷ್ಟು ಹೊತ್ತಿಗೆ: ಎಲ್ಲವನ್ನೂ ಎರಡೆರಡು ಸಲ ಹೇಳಬೇಕು. ಆ ಗೂಡಿನಲ್ಲಿ ಒಂದೇ ಒಂದು ನಿಯಮ: ಮೈಕು ಖಾಲಿ ಬಿಡಬಾರದು. ಹೇಳುತ್ತಿರುವಾಗ ನಡುವೆ ಎರಡು ಸೆಕೆಂಡು ಸುಮ್ಮನಾದರೆ ಸಾಕು, ಮೈಕು ಕೆಟ್ಟಿತೆಂದು ಜನ ಗಂಟುಮೂಟೆ ಹೊತ್ತು ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ಹೀಗೆ ಮೂವತ್ತು ವರ್ಷ ಅವಳು ಉತ್ತರ ಬಾರದ ಮಾತಾಡಿದಳು. ನನ್ನದೂ ಅದೇ ಕಥೆ. ಗಂಟಲ ಮೇಲೆ ಕತ್ತಿಯಿಟ್ಟುಕೊಂಡು ಕೂತವನು "ಹೂಂ" ಬಿಟ್ಟು ಬೇರೇನು ತಾನೇ ಹೇಳಿಯಾನು? ಉತ್ತರಕ್ಕೆ ಕಾಯದ ನಾವಿಬ್ಬರೂ ಒಂದೇ ಸೂರಿನಡಿ ಬಾಳಿದೆವು. ಮನೆಯ ಹಲ್ಲಿಗಳು ಲೊಚಗುಟ್ಟುವುದಕ್ಕೆ ಸಂದು ಸಿಗದೆ ಗುಳೆ ಹೋದವು.

ಇಲ್ಲೊಂದು ಮಾತನ್ನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಬೇಕು. ಮದುವೆಯಾದಾಗ ಅವಳು ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ನಾನು ಆಗಷ್ಟೇ ಅಂಗಡಿ ತೆರೆದಿದ್ದೆ. "ಅಂಗಡಿ ಒಂದು ನೆಲೆಗೆ ಬರಲಿ, ಮುಂದಿನ ವರ್ಷ ಕಳಿಸ್ತೀನಿ," ಎಂದಿದ್ದೆ. ಅಂಗಡಿ ನೆಲೆಗೆ ಬಂತು. ಮುಂದಿನ ವರ್ಷ ಮಾತ್ರ ಬರಲಿಲ್ಲ. ಮೂರು ಸಲ ಕೇಳಿದಳು, ಮೂರು ಸಲವೂ ನಾನು ಏನೋ ತಮಾಷೆ ಮಾಡಿದೆ, ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಮರೆತಿದ್ದಾಳೆ ಎಂದುಕೊಂಡೆ.

ಕಾಲೇಜು ಶುರುವಾಯಿತು. ಬೆಳಗಿನ ಪಾಳಿ ಮುಗಿಸಿ, ಮಧ್ಯಾಹ್ನ ಎರಡಕ್ಕೆ ಕ್ಲಾಸಿನಲ್ಲಿ ಮೊದಲ ಬೆಂಚು. ಜೊತೆಯ ಮಕ್ಕಳು ಮೊದಲ ವಾರ "ಮೇಡಂ" ಎಂದು ಎದ್ದು ನಿಂತರಂತೆ, ಎರಡನೇ ವಾರ "ಆಂಟಿ" ಎಂದರಂತೆ, ತಿಂಗಳು ಕಳೆಯುವಷ್ಟರಲ್ಲಿ ನೋಟ್ಸಿಗಾಗಿ ನಮ್ಮ ಮನೆಯ ಹೊಸ್ತಿಲು ಸವೆಸಿದರು. ಅಡುಗೆಮನೆಯ ಮೇಜಿನ ಮೇಲೆ ಅವಳ ಪುಸ್ತಕಗಳು ಹರಡಿಕೊಂಡವು, ನನ್ನ ತಟ್ಟೆ ಕಿಟಕಿಯ ಕಟ್ಟೆಗೆ ವರ್ಗವಾಯಿತು. ಒಂದು ದಿನ ಅವಳು ಎರಡು ಚೌಕ ಬರೆದು ನಡುವೆ ಬಾಣ ಹಾಕುತ್ತಿದ್ದಳು.

"ಇದು ಹೇಳೋರು, ಇದು ಕೇಳೋರು," ಎಂದಳು.

"ಮತ್ತೆ ಈ ಬಾಣ ಯಾಕೆ ವಾಪಸ್ ಬರ್ತಿದೆ?"

"ಕೇಳಿದೋರ ಉತ್ತರ."

"ಅಂಥದ್ದೊಂದು ಇರುತ್ತಾ?"

"ನಂಗೂ ಈಗಲೇ ಗೊತ್ತಾಗಿದ್ದು," ಎಂದು ನಕ್ಕಳು.

ಐದು ಸೆಮಿಸ್ಟರ್ ನೀರು ಕುಡಿದಷ್ಟು ಸಲೀಸಾಗಿ ಪಾಸಾದಳು. ಎಡವಿದ್ದು ಕೊನೆಯ ಪ್ರಾಕ್ಟಿಕಲ್ಲಿನಲ್ಲಿ. ಒಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷ ಸಂದರ್ಶನ ಮಾಡಿ, ಅದನ್ನು ರೆಕಾರ್ಡ್ ಮಾಡಿ ತರಬೇಕು. ಕೇಳುವವರ ದನಿ ಎರಡು ನಿಮಿಷ ಮೀರಬಾರದು. ಇವಳು ನಿಲ್ದಾಣದ ಹಿರಿಯ ಡ್ರೈವರನ್ನು ಹಿಡಿದಳು. ಪಾಪ, ಅವನು ತಲೆ ಬಾಚಿಕೊಂಡು ಬಂದಿದ್ದ. ಇವಳು ಪ್ರಶ್ನೆ ಕೇಳಿದಳು. ಅವನು ಉಸಿರೆಳೆದುಕೊಂಡ. ಆ ಒಂದು ಉಸಿರಿನಷ್ಟು ಹೊತ್ತು ಮೈಕು ಖಾಲಿಯಾಯಿತಲ್ಲ, ಇವಳ ಜೀವ ತಡೆಯಲಿಲ್ಲ. ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿ, ಉತ್ತರವನ್ನೂ ತಾನೇ ಹೇಳಿ, ಆ ಉತ್ತರವನ್ನೂ ಎರಡು ಸಲ ಹೇಳಿಬಿಟ್ಟಳು! ಹತ್ತು ನಿಮಿಷದಲ್ಲಿ ಡ್ರೈವರನ ಪಾಲಿಗೆ ಬಂದದ್ದು ಮೂವತ್ತು ಸೆಕೆಂಡು. ಅದರಲ್ಲಿ ಅರ್ಧ ಕೆಮ್ಮು.

ಪಾಠ ಹೇಳುವ ಮೇಡಂಗೆ ನಮ್ಮ ಮಗಳ ವಯಸ್ಸು. "ಅಮ್ಮಾ, ಇದು ಸಂದರ್ಶನ ಅಲ್ಲ, ಪ್ರಕಟಣೆ. ಒಂದು ವಾರ ಟೈಮ್ ಕೊಡ್ತೀನಿ. ಹೊರಗಿನ ಪರೀಕ್ಷಕರು ಬರ್ತಾರೆ. ಅವರು ಒಪ್ಪದಿದ್ರೆ ಮುಂದಿನ ವರ್ಷವೇ," ಎಂದರಂತೆ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಕೂತಳು. ನಾನು ಒಂದು ತಮಾಷೆ ಹೊಸೆಯುತ್ತಿದ್ದೆ. ಅವಳು ನೆಲ ನೋಡುತ್ತ, "ಮುಂದಿನ ವರ್ಷ ಅನ್ನೋದನ್ನ ಇನ್ನೊಂದು ಸಲ ಕೇಳೋ ಶಕ್ತಿ ನಂಗಿಲ್ಲ," ಎಂದಳು. ತಮಾಷೆ ನಾಲಿಗೆಯ ಮೇಲೇ ಒಣಗಿತು.

ಮರುದಿನದಿಂದ ಅವಳು ಸುಮ್ಮನಿರುವುದನ್ನು ಅಭ್ಯಾಸ ಮಾಡಿದಳು, ಬೇರೆಯವರು ಸಂಗೀತ ಮಾಡಿದ ಹಾಗೆ. "ಇನ್ನೊಂಚೂರು ಬಡಿಸ್ಲಾ?" ಎಂದು ಕೇಳಿ, ಸೌಟು ಹಿಡಿದುಕೊಂಡೇ ಬೆರಳೆಣಿಸುತ್ತ ನಿಲ್ಲುವಳು. ಪಕ್ಕದ ಮನೆಯಾಕೆಯನ್ನು "ಹೇಗಿದ್ದೀರಿ?" ಎಂದು ಕೇಳಿ ಕಾದಳಂತೆ. ಹದಿನೆಂಟು ವರ್ಷ "ಚೆನ್ನಾಗಿದ್ದೀನಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದ ಆಕೆ, ಅಂದು ಒಗೆದ ಬಟ್ಟೆಯ ಬಕೆಟ್ಟನ್ನು ಕೆಳಗಿಟ್ಟು ಒಂದೂವರೆ ಗಂಟೆ ಮಾತಾಡಿ, ಅತ್ತು, ಕಣ್ಣೊರೆಸಿಕೊಂಡು ಹೋದಳು.

ವಾರದ ರಜೆಯ ದಿನ ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋದಳು.

"ನನ್ನನ್ನೇ ಯಾಕೆ ಹಿಡಿದೆ?"

"ನಿಮ್ಮ ಬಾಯಿ ತೆಗೆಸೋಕೆ ಕಷ್ಟ ಇಲ್ಲ. ನನ್ನದು ಮುಚ್ಚಿಕೊಂಡ್ರೆ ಸಾಕು."

ನನ್ನದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿದಳು. "ಕೈ ಆಡಿಸಿದ್ರೆ ಸದ್ದು ರೆಕಾರ್ಡ್ ಆಗುತ್ತೆ," ಎಂದಳು. ಪೌಡರ್ ಡಬ್ಬಿಗೆ ಫೋನು ಒರಗಿಸಿ, ತಾನು ಗಿರಾಕಿಗಳ ಬೆಂಚಿನಲ್ಲಿ ಕೂತಳು. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದೆವು. ಕಸುಬು ಕಲಿತದ್ದು ಹೇಗೆ, ಮೊದಲ ಗಿರಾಕಿ ಯಾರು ಎಂದೆಲ್ಲ ಕೇಳಿದಳು. ನಾನು ಕಟ್ಟೆಯೊಡೆದ ಕೆರೆಯಾದೆ. ವಕೀಲನ ಕೂದಲನ್ನು ಈ ಬಾರಿ ಮೂರು ಸಲ ಬೆಳೆಸಿದೆ. ಅವಳು ನಗಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೈಯಲ್ಲಿದ್ದ ಪ್ರಶ್ನೆಗಳ ಚೀಟಿಯನ್ನು ಮಡಿಚಿಟ್ಟು ಕೇಳಿದಳು:

"ಮುಂದಿನ ವರ್ಷ ಕಳಿಸ್ತೀನಿ ಅಂದಿದ್ರಿ. ಯಾಕೆ ಕಳಿಸ್ಲಿಲ್ಲ?"

ನಾನು ಬಾಯಿ ತೆರೆದೆ. ನಲವತ್ತು ವರ್ಷದ ಸರಕಿನಲ್ಲಿ ಈ ಪ್ರಶ್ನೆಗೆ ಹೊಂದುವ ಒಂದು ತುಣುಕೂ ಸಿಗಲಿಲ್ಲ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಕೆಳಗೆ ನನ್ನ ಬೆರಳುಗಳು ಇಲ್ಲದ ಕತ್ತರಿಯನ್ನು ಆಡಿಸುತ್ತಿದ್ದವು. ಕನ್ನಡಿಯಲ್ಲಿ ಅವಳ ತುಟಿ ಅದುರಿದ್ದು ಕಂಡಿತು, ಮೈಕು ಖಾಲಿಯಾಗಿತ್ತಲ್ಲ. ಈಗ ಅವಳೇ ಉತ್ತರ ಹೇಳಿಬಿಡುತ್ತಾಳೆ, ನಾನು ಬಚಾವಾಗುತ್ತೇನೆ ಎಂದುಕೊಂಡೆ. ಅವಳು ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ಕಾದಳು.

"ಭಯ ಆಗಿತ್ತು," ಎಂದೆ ಕೊನೆಗೆ. ದನಿ ನನ್ನದಲ್ಲ ಅನ್ನಿಸಿತು. "ನಾನು ಏಳನೇ ಕ್ಲಾಸು. ನೀನು ಓದಿ ಮುಗಿಸಿದ್ರೆ... ನನ್ನ ಈ ಪೊಳ್ಳು ಮಾತನ್ನ ಕೂತು ಕೇಳ್ತೀಯಾ ಅಂತ. ತಮಾಷೆಯಲ್ಲೇ ತಳ್ಳಿಬಿಟ್ಟೆ. ತಪ್ಪು ಕಣೇ."

ಅವಳು ಎದ್ದು ಬಂದು ಫೋನು ಆರಿಸಿದಳು. ಕೊರಳ ಗಂಟು ಬಿಚ್ಚಿದವಳು, ನನ್ನ ಹೆಗಲ ಮೇಲೆ ಒಂದೂ ಕೂದಲಿಲ್ಲದಿದ್ದರೂ ಬ್ರಷ್ಷು ತೆಗೆದುಕೊಂಡು ಬಹಳ ಹೊತ್ತು ಕೊಡವಿದಳು.

ಪರೀಕ್ಷೆಯ ದಿನ ನಾನು ಕಾಲೇಜಿನ ಓಣಿಯಲ್ಲಿ, ಅರೆತೆರೆದ ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ನನ್ನ ದನಿ ಓಡುತ್ತಿತ್ತು. ಪರೀಕ್ಷಕರು ವಕೀಲನ ಕೂದಲಿಗೆ ನಕ್ಕಿದ್ದು ಕೇಳಿಸಿತು. ಆಮೇಲೆ ಸದ್ದೇ ಇಲ್ಲ. ಓಣಿಯಲ್ಲಿ ಕಸ ಗುಡಿಸುತ್ತಿದ್ದವಳು ಕೂಡ ಪೊರಕೆ ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಆ ಇನ್ನೊಂದು ದನಿ. ನಾನು ಗೋಡೆ ಕಡೆ ತಿರುಗಿ ನೋಟೀಸ್ ಬೋರ್ಡನ್ನು ಮೂರು ಸಲ ಓದಿದೆ.

"ನಡುವೆ ಐವತ್ತೊಂದು ಸೆಕೆಂಡು ಖಾಲಿ ಇದೆ," ಎಂದರು ಪರೀಕ್ಷಕರು. "ಯಾಕೆ ಕತ್ತರಿಸಲಿಲ್ಲ?"

"ಖಾಲಿ ಇಲ್ಲ ಸಾರ್," ಎಂದಳು ಇವಳು. "ಅವರು ಯೋಚನೆ ಮಾಡ್ತಿದ್ರು. ನಾನು ಕೇಳಿಸ್ಕೊಳ್ತಿದ್ದೆ."

ಸ್ವಲ್ಪ ಹೊತ್ತಿಗೆ ಮೇಡಂ ಹೊರಗೆ ಬಂದು, ಐವತ್ತಕ್ಕೆ ನಲವತ್ನಾಲ್ಕು ಎಂದು ನನಗೇ ಮಾರ್ಕ್ಸ್ ಬಂದಂತೆ ಕೈ ಕುಲುಕಿದರು.

ಮೆಟ್ಟಿಲಿಳಿಯುವಾಗ ಅವಳ ಚೀಲ ನನ್ನ ಹೆಗಲಲ್ಲಿತ್ತು, ಕೈ ಅವಳ ಕೈಯಲ್ಲಿತ್ತು. ನನ್ನ ಮಂಡಿ ಇಳಿಜಾರಿಗೆ ಅಷ್ಟಕ್ಕಷ್ಟೇ. ಕೆಳಗಿನ ಗಾಳಿ ತಾಗಿದ್ದೇ ನನಗೆ ಹೋದ ಜೀವ ಬಂತು.

"ನೋಡು, ನಾನು ಬಾಯಿ ಬಿಟ್ಟಿದ್ದಕ್ಕೇ ನೀನು ಪಾಸಾಗಿದ್ದು. ಆ ಸರ್ಟಿಫಿಕೇಟಲ್ಲಿ ನನ್ನ ಹೆಸರೂ ಹಾಕಿಸ್ಬೇಕು, ನಿನ್ನ ಹೆಸರಿಗಿಂತ ಒಂದಿಂಚು ದಪ್ಪ ಅಕ್ಷರದಲ್ಲಿ," ಎಂದೆ.

ಅವಳು ನನ್ನ ಕಾಲು ಮುಂದಿನ ಮೆಟ್ಟಿಲಿಗೆ ಊರುವವರೆಗೂ ಕಾದಳು.

"ನೀವು ಬಾಯಿ ಬಿಟ್ಟಿದ್ದಕ್ಕೆ ಆರು ಮಾರ್ಕ್ಸ್ ಹೋಯ್ತು ರೀ," ಎಂದಳು. "ಬಂದಿರೋ ನಲವತ್ನಾಲ್ಕೂ ಮುಚ್ಕೊಂಡಿದ್ದಕ್ಕೆ."